ಮನವನ್ನರಿತು ಕಾರ್ಖಾನೆ ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ



ಕಳೆದ ಸುಗ್ಗಿಯ ದಿನಗಳಲ್ಲಿ ಒಬ್ಬ ವಯಸ್ಸಾದ ದಿವಾಣಜಿ ಶ್ರೀಮಠದ ಕಚೇರಿಗೆ ಬಂದು ಕುಳಿತರು. ಗಡಿಯಾಚೆಯ ಒಂದು ಪೇಟೆಯ ಅಡತಿ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ಲೆಕ್ಕ ಬರೆದವರು ಅವರು. ಎರಡು ಚೀಲ ತೊಗರಿಯ ವ್ಯತ್ಯಾಸ ಬಂದಿತೆಂದು ಸಾಹುಕಾರರು ಅವರನ್ನು ರೈತರು, ಹಮಾಲರು ಎಲ್ಲರ ಎದುರಿನಲ್ಲಿ ಬಾಯಿಗೆ ಬಂದಂತೆ ಬೈದಿದ್ದರಂತೆ. ಮರುದಿನ ಆ ಎರಡೂ ಚೀಲಗಳು ಗೋದಾಮಿನ ಬೇರೊಂದು ಸಾಲಿನಲ್ಲಿ ಸಿಕ್ಕವು. ಆದರೆ ದಿವಾಣಜಿ ಮತ್ತೆ ಆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಬೇರೆಲ್ಲಾದರೂ ಒಂದು ಕೆಲಸ ನೋಡಿಕೊಡಿರೆಂದು ಕೇಳಲು ನಮ್ಮಲ್ಲಿಗೆ ಬಂದಿದ್ದರು.

ವಾರದ ನಂತರ ಸಾಹುಕಾರರೂ ಬಂದರು. ಸಂಬಳ ಹೆಚ್ಚು ಮಾಡುತ್ತೇನೆಂದರೂ ಆ ಮನುಷ್ಯ ಬರುತ್ತಿಲ್ಲ, ಏನು ಮಾಡಬೇಕು ಎಂಬುದು ಅವರ ಪ್ರಶ್ನೆ. ನಾವು ಬಿ.ಕಾಂ. ಓದುವಾಗ ಕಟ್ಟಡ, ಯಂತ್ರ, ದಾಸ್ತಾನು, ಬರಬೇಕಾದ ಬಾಕಿ ಎಲ್ಲವನ್ನೂ ಅಢಾವೆ ಪತ್ರಿಕೆಯಲ್ಲಿ ಎಲ್ಲಿ ಬರೆಯಬೇಕೆಂದು ಕಲಿತೆವು. ಒಬ್ಬ ದಿವಾಣಜಿಯ ಇಪ್ಪತ್ತೆರಡು ವರ್ಷದ ನಂಬಿಕೆಯನ್ನು ಎಲ್ಲಿ ಬರೆಯಬೇಕೆಂದು ಯಾರೂ ಕಲಿಸಲಿಲ್ಲ. ಅದು ಹೋದಾಗ ಮಾತ್ರ ನಷ್ಟ ಎಷ್ಟೆಂದು ಗೊತ್ತಾಗುತ್ತದೆ.

ದೊಡ್ಡ ಊರಿನ ಕಂಪನಿಗಳಲ್ಲಿ ಈ ವಿಷಯಕ್ಕೆ ‘ಎಮೋಷನಲ್ ಇಂಟೆಲಿಜೆನ್ಸ್’ ಎಂದು ಹೆಸರಿಟ್ಟು ತರಬೇತಿ ಕೊಡುತ್ತಾರೆ. ಅಮೆರಿಕದ ಪೀಟರ್ ಸಾಲೊವೆ ಮತ್ತು ಜಾನ್ ಮೇಯರ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1990ರಲ್ಲಿ ಇದನ್ನು ಶಾಸ್ತ್ರೀಯವಾಗಿ ವಿವರಿಸಿದರು. 1995ರಲ್ಲಿ ಬಂದ ಡೇನಿಯಲ್ ಗೋಲ್‌ಮನ್ ಅವರ ಪುಸ್ತಕದಿಂದ ಅದು ಜಗತ್ತಿನಾದ್ಯಂತ ಬಳಕೆಗೆ ಬಂತು. ಸರಳವಾಗಿ ಹೇಳುವುದಾದರೆ, ತನ್ನ ಮನಸ್ಸಿನಲ್ಲಿ ಏನು ನಡೆದಿದೆ ಎಂದು ತಿಳಿಯುವುದು, ಅದನ್ನು ಹತೋಟಿಯಲ್ಲಿಡುವುದು, ಎದುರಿನವನ ಮನಸ್ಸನ್ನು ಅರಿಯುವುದು, ಅರಿತಂತೆ ನಡೆಯುವುದು. ಹೆಸರು ಹೊಸದು, ವಿಷಯ ಹಳೆಯದು. ಇದನ್ನು ನೂರು ವರ್ಷಗಳ ಹಿಂದೆಯೇ ನಮ್ಮ ಇದೇ ಗಡಿಸೀಮೆಯಲ್ಲಿ ಮಾಡಿ ತೋರಿಸಿದವರು ಲಕ್ಷ್ಮಣರಾವ್ ಕಾಶೀನಾಥ ಕಿರ್ಲೋಸ್ಕರ ಅವರು. ಅವರು ನಮ್ಮ ಮಠದ ಭಕ್ತರಲ್ಲ, ನಮ್ಮ ಸಮಾಜದವರೂ ಅಲ್ಲ. ಆದರೆ ನಮ್ಮ ರೈತರ ಹೊಲದಲ್ಲಿ ಅವರ ನೇಗಿಲು ಓಡಿದೆ. ಆದ್ದರಿಂದ ಅವರ ಜೀವನವನ್ನು ಈ ಸಂಚಿಕೆಯಲ್ಲಿ ಭಕ್ತರ ಮುಂದೆ ಇಡುತ್ತಿದ್ದೇವೆ.

ಗುರ್ಲಹೊಸೂರಿನ ಹುಡುಗ

ಲಕ್ಷ್ಮಣರಾವ್ ಹುಟ್ಟಿದ್ದು 1869ರ ಜೂನ್ 20ರಂದು, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೋಗುವ ನಮ್ಮ ಭಕ್ತರಿಗೆ ಆ ಸೀಮೆ ಅಪರಿಚಿತವಲ್ಲ. ಶಾಲೆಯ ಪುಸ್ತಕಕ್ಕಿಂತ ಚಿತ್ರ ಬರೆಯುವುದರಲ್ಲಿ ಮತ್ತು ಯಂತ್ರಗಳಲ್ಲಿ ಆ ಹುಡುಗನಿಗೆ ಆಸಕ್ತಿ. ಮನೆತನದ ರೂಢಿ ಬಿಟ್ಟು, ಅಣ್ಣ ರಾಮುಅಣ್ಣನವರ ಬೆಂಬಲದಿಂದ, 1885ರಲ್ಲಿ ಮುಂಬಯಿಯ ಜೆ. ಜೆ. ಕಲಾಶಾಲೆ ಸೇರಿದರು.

ಎರಡು ವರ್ಷ ಕಳೆಯುವುದರೊಳಗೆ ಒಂದು ಕಹಿ ಸಂಗತಿ ಗೊತ್ತಾಯಿತು. ಅವರ ಕಣ್ಣು ಕೆಲವು ಬಣ್ಣಗಳನ್ನು ಬೇರೆ ಬೇರೆಯಾಗಿ ಗುರುತಿಸುತ್ತಿರಲಿಲ್ಲ. ಚಿತ್ರಕಾರನಾಗಬೇಕೆಂದು ಮನೆ ಬಿಟ್ಟು ಬಂದ ತರುಣನಿಗೆ ಇದಕ್ಕಿಂತ ದೊಡ್ಡ ಪೆಟ್ಟು ಯಾವುದಿದೆ? ಇಂಥ ಹೊತ್ತಿನಲ್ಲಿ ಕೆಲವರು ದೈವವನ್ನು ಬೈಯುತ್ತಾರೆ, ಕೆಲವರು ಗುರುವನ್ನು ಬೈಯುತ್ತಾರೆ, ಕೆಲವರು ದೋಷವನ್ನು ಮುಚ್ಚಿಟ್ಟು ಹಟಕ್ಕೆ ಬೀಳುತ್ತಾರೆ. ಲಕ್ಷ್ಮಣರಾವ್ ತಮ್ಮ ಕೊರತೆಯನ್ನು ಕೊರತೆಯೆಂದೇ ಒಪ್ಪಿಕೊಂಡರು. ಬಣ್ಣದ ಚಿತ್ರ ಬಿಟ್ಟರು, ಆದರೆ ಬಣ್ಣ ಬೇಕಿಲ್ಲದ ಯಂತ್ರಗಳ ರೇಖಾಚಿತ್ರವನ್ನು ಬಿಡಲಿಲ್ಲ. ಆ ವಿದ್ಯೆಯ ಬಲದಿಂದಲೇ ಮುಂಬಯಿಯ ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಶಾಲೆಯಲ್ಲಿ ಸಹಾಯಕ ಶಿಕ್ಷಕರಾದರು. ಬಿಡುವಿನ ವೇಳೆಯಲ್ಲಿ ಅಲ್ಲಿಯ ಕಾರ್ಯಾಗಾರಕ್ಕೆ ಹೋಗಿ ಯಂತ್ರಗಳ ಒಳಗುಟ್ಟನ್ನು ಕೈಯಾರೆ ಕಲಿತರು.

ಆ ಕಾಲಕ್ಕೆ ಸೈಕಲ್ಲು ಎಂದರೆ ಜನ ನಿಂತು ನೋಡುವ ಸೋಜಿಗ. ಅಣ್ಣತಮ್ಮಂದಿರು ಕೂಡಿ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ತಮ್ಮ ಮುಂಬಯಿಯಿಂದ ಕಳಿಸುವುದು, ಅಣ್ಣ ಬೆಳಗಾವಿಯಲ್ಲಿ ಮಾರುವುದು. ಸೈಕಲ್ಲು ಕೊಂಡವರಿಗೆ ಅದನ್ನು ಹತ್ತಿ ಓಡಿಸುವುದನ್ನೂ ಅಂಗಡಿಯವರೇ ಕಲಿಸುತ್ತಿದ್ದರು. ಕೊಳ್ಳುವವನಿಗೆ ಬೀಳುವ ಅಂಜಿಕೆ ಇರುತ್ತದೆ, ಆ ಅಂಜಿಕೆ ಹೋಗದೆ ವ್ಯಾಪಾರ ನಡೆಯದು. ಈ ಪಾಠ ಮುಂದೆ ಅವರಿಗೆ ಬಹಳ ಉಪಯೋಗಕ್ಕೆ ಬಂತು. ಆ ಅಂಗಡಿ ಇದ್ದ ರಸ್ತೆಗೆ ಇಂದೂ ಕಿರ್ಲೋಸ್ಕರ ರಸ್ತೆ ಎಂದೇ ಹೆಸರು.

ಸಿಟ್ಟನ್ನು ಕೆಲಸಕ್ಕೆ ಹಚ್ಚಿದ್ದು

ಮುಂಬಯಿಯ ಶಾಲೆಯಲ್ಲಿ ಬಡ್ತಿಯ ಸಮಯ ಬಂತು. ಆ ಸ್ಥಾನ ತಮಗೆ ಸಿಗುತ್ತದೆಂದು ಲಕ್ಷ್ಮಣರಾವ್ ನಂಬಿದ್ದರು. ಆದರೆ ಅದನ್ನು ಕೊಟ್ಟಿದ್ದು ಒಬ್ಬ ಆಂಗ್ಲೋ-ಇಂಡಿಯನ್‌ರಿಗೆ. ಪರರ ಆಳ್ವಿಕೆಯ ಕಾಲ, ಚರ್ಮದ ಬಣ್ಣ ನೋಡಿ ಕುರ್ಚಿ ಕೊಡುವ ಕಾಲ. ಅವಮಾನ ಸಣ್ಣದಾಗಿರಲಿಲ್ಲ.

ಸಿಟ್ಟು ಎಂಬುದು ಒಲೆಯ ಬೆಂಕಿಯ ಹಾಗೆ. ಒಲೆಯಲ್ಲಿದ್ದರೆ ಅಡಿಗೆ, ಚಪ್ಪರಕ್ಕೆ ಹತ್ತಿದರೆ ಅನಾಹುತ. ಲಕ್ಷ್ಮಣರಾವ್ ಕುರ್ಚಿಯಲ್ಲೇ ಕುಳಿತು ಕೊರಗಲಿಲ್ಲ. ನೌಕರಿ ಬಿಟ್ಟು ಬೆಳಗಾವಿಗೆ ಬಂದರು. ಇನ್ನೊಬ್ಬರ ಕೃಪೆಗೆ ಕಾಯದ ಕೆಲಸವನ್ನು ತಾವೇ ಹುಟ್ಟಿಸಿಕೊಳ್ಳಬೇಕೆಂಬ ಹಟ ಅವರದು.

ಮೊದಲು ಕೈಹಾಕಿದ್ದು ಕಣಿಕೆ ಕತ್ತರಿಸುವ ಯಂತ್ರಕ್ಕೆ. ಜೋಳದ ಕಣಿಕೆಯನ್ನು ಇಡಿಯಾಗಿ ಹಾಕಿದರೆ ದನ ಎಲೆ ತಿಂದು ದಂಟು ಬಿಡುತ್ತದೆ. ಸಣ್ಣಗೆ ಕತ್ತರಿಸಿ ಹಾಕಿದರೆ ಮೇವು ಹಾಳಾಗುವುದಿಲ್ಲ. ಬರಗಾಲದ ಸೀಮೆಯಲ್ಲಿ ಇದರ ಬೆಲೆ ಎಷ್ಟೆಂಬುದನ್ನು ಜತ್ತ, ಮಂಗಳವೇಢೆ, ಅಕ್ಕಲಕೋಟೆಯ ರೈತರಿಗೆ ನಾವು ಹೇಳಬೇಕಾಗಿಲ್ಲ.

ಮಾರಾಟವಾಗದ ನೇಗಿಲು

ಮುಂದಿನ ಹೆಜ್ಜೆ ಕಬ್ಬಿಣದ ನೇಗಿಲು. ಕಟ್ಟಿಗೆಯ ನೇಗಿಲು ಮಣ್ಣನ್ನು ಸೀಳುತ್ತದೆ, ಹೊರಳಿಸುವುದಿಲ್ಲ. ಕಬ್ಬಿಣದ ನೇಗಿಲಿನ ರೆಕ್ಕೆ ಮಣ್ಣನ್ನು ಆಳದಿಂದ ಎತ್ತಿ ಮಗುಚುತ್ತದೆ, ಕರಿಕೆಯ ಬೇರು ಮೇಲೆ ಬಂದು ಬಿಸಿಲಿಗೆ ಒಣಗುತ್ತದೆ. ಎರೆಭೂಮಿಗೆ ಇದು ವರವೆಂದು ಲಕ್ಷ್ಮಣರಾವ್ ತಿಳಿದಿದ್ದರು. ನೇಗಿಲು ಸಿದ್ಧವಾಯಿತು, ಕೊಳ್ಳುವವರು ಮಾತ್ರ ಬರಲಿಲ್ಲ. ಮೊದಲ ನೇಗಿಲುಗಳು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಎಂಬ ಭಾವನೆ ರೈತರಲ್ಲಿ ಬಲವಾಗಿತ್ತು.

ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. ಓದಿದವರು ಇಂಥದನ್ನು ಮೂಢನಂಬಿಕೆ ಎಂದು ಒಂದೇ ಮಾತಿನಲ್ಲಿ ತಳ್ಳಿಬಿಡುತ್ತಾರೆ. ಆದರೆ ರೈತನ ಜಾಗದಲ್ಲಿ ನಿಂತು ನೋಡಿರಿ. ಅಂಗಡಿಕಾರನ ಒಂದು ಮಾಲು ಕೆಟ್ಟರೆ ಇನ್ನೊಂದು ಮಾಲಿನಲ್ಲಿ ತುಂಬಿಕೊಳ್ಳುತ್ತಾನೆ. ರೈತನಿಗೆ ಇರುವುದು ಅದೊಂದೇ ಹೊಲ, ವರ್ಷಕ್ಕೆ ಅದೊಂದೇ ಮುಂಗಾರು. ಹೊಸ ನೇಗಿಲಿನಿಂದ ಹೊಲ ಕೆಟ್ಟರೆ ಆ ವರ್ಷದ ಅನ್ನವೇ ಹೋಯಿತು. ವಿಷ ಎಂಬ ಮಾತಿನ ಹಿಂದೆ ಇದ್ದದ್ದು ಈ ಅಂಜಿಕೆ. ಅಂಜಿಕೆಗೆ ವಾದದಿಂದ ಉತ್ತರ ಕೊಡಲಾಗದು, ಬೈದರಂತೂ ಅದು ಹೆಚ್ಚೇ ಆಗುತ್ತದೆ. ಅದಕ್ಕೆ ಬೇಕಾದದ್ದು ಕಣ್ಣಾರೆ ಕಾಣುವ ಒಂದು ಹೊಲ ಮತ್ತು ಕಾಯುವ ತಾಳ್ಮೆ.

ಲಕ್ಷ್ಮಣರಾವ್ ಎರಡು ವರ್ಷ ತಾಳಿದರು. ರೈತನಿಗೆ ತಿಳಿವಳಿಕೆಯಿಲ್ಲ ಎಂದು ಹೇಳಿ ಧಂಧೆ ಬದಲಿಸಲಿಲ್ಲ. ಒಬ್ಬ ಕೊಂಡ, ಅವನ ಹೊಲ ಕೆಡಲಿಲ್ಲ. ಅದನ್ನು ನೋಡಿ ಮತ್ತೊಬ್ಬ ಕೊಂಡ. ಹಾಗೆ ಬೆಳೆದ ವ್ಯಾಪಾರ ಮುಂದೆ ದಕ್ಷಿಣ ಮಹಾರಾಷ್ಟ್ರ ಮತ್ತು ಉತ್ತರ ಕರ್ನಾಟಕದ ಹಳ್ಳಿಹಳ್ಳಿಗೂ ಮುಟ್ಟಿತು. ನಮ್ಮ ಹಿರಿಯರ ಬಾಯಲ್ಲಿ ಕಿರ್ಲೋಸ್ಕರ ಎಂಬುದು ಮನೆತನದ ಹೆಸರಾಗಿ ಉಳಿಯದೆ ನೇಗಿಲಿನ ಹೆಸರೇ ಆಗಿಬಿಟ್ಟಿತ್ತು.

ಡಬ್ಬುಗಳ್ಳಿಯ ಬಯಲು

ಕೈ ಹಿಡಿಯುವ ಹೊತ್ತಿಗೆ ಇನ್ನೊಂದು ಸಂಕಟ. ಕಾರ್ಖಾನೆ ಇದ್ದ ಜಾಗ ಊರಿನ ಬೆಳವಣಿಗೆಗೆ ಬೇಕೆಂದು ಬೆಳಗಾವಿಯ ಪುರಸಭೆ ಅವರನ್ನು ತೆರವು ಮಾಡಲು ಹೇಳಿತು. ಆಗ ನೆರವಿಗೆ ಬಂದವರು ಔಂಧ ಸಂಸ್ಥಾನದ ಅರಸರಾದ ಭವಾನರಾವ್ ಪಂತ ಪ್ರತಿನಿಧಿ. ಔಂಧ ಒಂದು ಚಿಕ್ಕ ಸಂಸ್ಥಾನ, ಅದರ ಊರುಗಳು ಒಂದೆಡೆ ಇರದೆ ಚದುರಿಕೊಂಡಿದ್ದವು. ನಮ್ಮ ಆಟಪಾಡಿ ಅದರಲ್ಲೇ ಇತ್ತು, ವಿಜಯಪುರ ಸೀಮೆಯ ಗುಣದಾಳವೂ ಅದಕ್ಕೇ ಸೇರಿತ್ತು. ಅರಸರು ಬಡ್ಡಿಯಿಲ್ಲದ ಸಾಲ ಕೊಟ್ಟರು, ಕುಂಡಲ ರೋಡ್ ಎಂಬ ರೈಲು ನಿಲ್ದಾಣದ ಹತ್ತಿರ 32 ಎಕರೆ ಜಾಗ ಕೊಟ್ಟರು. ಜಾಗವೆಂದರೆ ಎಂಥದು? ಬರೀ ಬಂಜರು. ಡಬ್ಬುಗಳ್ಳಿ ಬೆಳೆದು ನಿಂತಿತ್ತು, ಗಳ್ಳಿಯ ಬುಡದಲ್ಲಿ ನಾಗರಹಾವುಗಳು.

1910ರಲ್ಲಿ ಸುಮಾರು ಇಪ್ಪತ್ತೈದು ಕೆಲಸಗಾರರು ತಮ್ಮ ಕುಟುಂಬಗಳೊಡನೆ ಅಲ್ಲಿಗೆ ಬಂದರು. ಈ ಸಂಗತಿ ನಮಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಬೆಳಗಾವಿಯಂಥ ಊರು ಬಿಟ್ಟು, ಹೆಂಡತಿ ಮಕ್ಕಳನ್ನು ಕರೆದುಕೊಂಡು, ಹಾವು ಇರುವ ಬಯಲಿಗೆ ಒಬ್ಬ ಮನುಷ್ಯ ಯಾಕೆ ಬರುತ್ತಾನೆ? ಸಂಬಳಕ್ಕಾಗಿ ಮಾತ್ರ ಬರುವುದಿಲ್ಲ, ಸಂಬಳ ಬೆಳಗಾವಿಯಲ್ಲೂ ಸಿಗುತ್ತಿತ್ತು. ಕಷ್ಟ ಬಂದರೆ ಯಜಮಾನ ನಮ್ಮ ಜೊತೆಗಿರುತ್ತಾನೆ ಎಂಬ ಭರವಸೆ ಇದ್ದರೆ ಮಾತ್ರ ಬರುತ್ತಾನೆ. ಯಜಮಾನರೂ ತಮ್ಮ ಮನೆಮಂದಿಯೊಡನೆ ಅದೇ ಬಯಲಿನಲ್ಲಿ ಬಿಡಾರ ಹೂಡಿದರು. ಗಳ್ಳಿ ಕಡಿದು, ನೆಲ ಹಸನು ಮಾಡಿ, ಮನೆ ಕಟ್ಟಿ, ಗಿಡ ಹಚ್ಚಿದರು. ಊರಿನ ಆಡಳಿತದ ಹೊಣೆ ಅಣ್ಣ ರಾಮುಅಣ್ಣನವರದು. ಅತ್ತ ಟಾಟಾ ಅವರ ಜಮಶೇಡ್‌ಪುರ ಏಳುತ್ತಿದ್ದ ದಿನಗಳವು. ಅಲ್ಲಿಯಷ್ಟು ಬಂಡವಾಳ ಇಲ್ಲಿರಲಿಲ್ಲ. ಆದರೂ ಕೆಲಸದವರಿಗಾಗಿ ಒಂದು ಊರನ್ನೇ ಕಟ್ಟಬೇಕೆಂಬ ಕನಸು ಎರಡೂ ಕಡೆಗೆ ಒಂದೇ. ಆ ಊರೇ ಕಿರ್ಲೋಸ್ಕರವಾಡಿ. ರೈಲು ನಿಲ್ದಾಣಕ್ಕೂ ಮುಂದೆ ಅದೇ ಹೆಸರು ಬಂತು.

ನಪಾಸಾದವರೇ ಆಧಾರಸ್ತಂಭ

ಲಕ್ಷ್ಮಣರಾವ್ ಅವರ ಜೊತೆಗಿದ್ದವರು ಯಾರೆಂದು ನೋಡಿದರೆ ಆಶ್ಚರ್ಯವಾಗುತ್ತದೆ. ಶಂಭುರಾವ್ ಜಾಂಭೇಕರ ಓದು ಅರ್ಧಕ್ಕೆ ಬಿಟ್ಟವರು. ಅವರು ಎಂಜಿನಿಯರರಾಗಿ, ವ್ಯವಸ್ಥಾಪಕರಾಗಿ, ಬೇಕಾದಾಗ ಯಾವ ಸಣ್ಣ ಕೆಲಸಕ್ಕೂ ಕೈಹಚ್ಚುವವರಾಗಿ ಬೆಳೆದರು. ಕೆ. ಕೆ. ಕುಲಕರ್ಣಿ ಪರೀಕ್ಷೆಯಲ್ಲಿ ನಪಾಸಾದವರು. ಅವರು ಮಾರಾಟ, ಲೆಕ್ಕಪತ್ರ, ಖರೀದಿ, ಕಾಯದೆಯ ಕೆಲಸ ಎಲ್ಲವನ್ನೂ ನಿಭಾಯಿಸಿದರು. ಅನಂತರಾವ್ ಫಳಣೀಕರ ಶಾಲೆ ಬಿಟ್ಟವರು, ಮುಂದೆ ಹೊಸ ಕಲ್ಪನೆಯ ಒಳ್ಳೆಯ ಎಂಜಿನಿಯರರೆನಿಸಿದರು. ಮಂಗೇಶರಾವ್ ರೇಗೆ ಕಚೇರಿಯ ಕಾರಕೂನಿಕೆಯನ್ನು ಹೊತ್ತರು.

ಕಾಗದದ ಮೇಲಿನ ಅಂಕಗಳನ್ನು ನೋಡಿದ್ದರೆ ಇವರಲ್ಲಿ ಹೆಚ್ಚಿನವರು ಬಾಗಿಲಿನಿಂದಲೇ ಹಿಂದಿರುಗಬೇಕಾಗಿತ್ತು. ಲಕ್ಷ್ಮಣರಾವ್ ನೋಡಿದ್ದು ಬೇರೆ. ತಾವೇ ಒಮ್ಮೆ ಬಣ್ಣ ಕಾಣದೆ ಸೋತವರಲ್ಲವೇ? ಒಂದು ಕೆಲಸದಲ್ಲಿ ಸೋತವನು ಇನ್ನೊಂದರಲ್ಲಿ ಗೆಲ್ಲಬಲ್ಲ ಎಂಬುದು ಅವರಿಗೆ ಸ್ವಂತ ಅನುಭವದಿಂದ ಗೊತ್ತಿತ್ತು. ಯಾರಿಗೆ ಯಾವ ಕೆಲಸ ಒಗ್ಗುತ್ತದೆಂದು ಗುರುತಿಸುವುದು, ಗುರುತಿಸಿದ ಮೇಲೆ ಹೊಣೆಯನ್ನು ಪೂರ್ತಿ ಬಿಟ್ಟುಕೊಡುವುದು ಅವರ ರೀತಿಯಾಗಿತ್ತು. ನಮ್ಮ ಅಂಗಡಿಗಳಲ್ಲಿ ಹುಡುಗನಿಗೆ ಕೆಲಸ ಒಪ್ಪಿಸುತ್ತೇವೆ, ಆದರೆ ಕೀಲಿಕೈ ಒಪ್ಪಿಸುವುದಿಲ್ಲ. ಆಮೇಲೆ ಅವನಿಗೆ ಹೊಣೆಯಿಲ್ಲವೆಂದು ದೂರುತ್ತೇವೆ.

ಇದಕ್ಕಿಂತಲೂ ದೊಡ್ಡ ಮಾತೊಂದಿದೆ. ಕಾರ್ಖಾನೆಯ ರಾತ್ರಿ ಕಾವಲಿಗೆ ಅವರು ಇಟ್ಟುಕೊಂಡವರಲ್ಲಿ ಶಿಕ್ಷೆ ಅನುಭವಿಸಿ ಬಂದ ಕಳ್ಳರೂ ಇದ್ದರು. ಊರು ಯಾರನ್ನು ನೋಡಿ ಬಾಗಿಲು ಹಾಕಿಕೊಳ್ಳುತ್ತಿತ್ತೋ ಅವರ ಕೈಗೇ ಬಾಗಿಲನ್ನು ಕೊಟ್ಟರು. ಅಂಥವರೇ ಕಿರ್ಲೋಸ್ಕರವಾಡಿಯ ನಂಬಿಗಸ್ತ ಕಾವಲುಗಾರರಾದರು. ಕಳ್ಳನೆಂದೇ ಕರೆಸಿಕೊಂಡವನಿಗೆ ಒಬ್ಬ ದೊಡ್ಡ ಮನುಷ್ಯ ನಂಬಿಕೆಯಿಟ್ಟು ಕೆಲಸ ಕೊಟ್ಟಾಗ, ಆ ನಂಬಿಕೆಯನ್ನು ಕೆಡಿಸಿಕೊಳ್ಳುವುದು ಅವನಿಗೆ ಸುಲಭವಲ್ಲ. ಇದೇ ಔಂಧ ಸಂಸ್ಥಾನದಲ್ಲಿ 1939ರ ಸುಮಾರಿಗೆ ಆಟಪಾಡಿಯ ಬಳಿಯ ಸ್ವತಂತ್ರಪುರದಲ್ಲಿ ಗೋಡೆಯಿಲ್ಲದ ಬಂದೀಖಾನೆಯ ಪ್ರಯೋಗ ನಡೆಯಿತು. 1957ರ ‘ದೋ ಆಂಖೇ ಬಾರಹ್ ಹಾಥ್’ ಚಲನಚಿತ್ರಕ್ಕೆ ಪ್ರೇರಣೆಯಾದದ್ದು ಅದೇ. ಮನುಷ್ಯನನ್ನು ನಂಬಿ ನೋಡುವ ಗಾಳಿ ಆ ನೆಲದಲ್ಲೇ ಬೀಸಿತ್ತೆಂದು ತೋರುತ್ತದೆ.

ಅಸ್ಪೃಶ್ಯತೆಯ ಆಚರಣೆಗೆ ಕಿರ್ಲೋಸ್ಕರವಾಡಿಯಲ್ಲಿ ಅವಕಾಶವಿರಲಿಲ್ಲ. ಹಗಲು ಒಂದೇ ಕುಲುಮೆಯ ಮುಂದೆ ಬೆವರು ಸುರಿಸಿದವರು ಸಂಜೆ ಬಾವಿಯ ಕಟ್ಟೆಯಲ್ಲಿ ಮೇಲುಕೀಳಾದರೆ ಕೆಲಸದಲ್ಲಿ ಒಗ್ಗಟ್ಟು ಎಲ್ಲಿಂದ ಬರಬೇಕು? ಆ ಕಾಲದಲ್ಲಿ ಇದಕ್ಕೆ ಧೈರ್ಯ ಬೇಕಾಗಿತ್ತು. ಕಾಯಕವಂತನಿಗೆ ಕೀಳಿಲ್ಲವೆಂದು ದಿನವೂ ಹೇಳುವ ನಾವು ನಮ್ಮ ಹಳ್ಳಿಗಳಲ್ಲಿ ಎಷ್ಟು ನಡೆಸಿದ್ದೇವೆಂದು ಎದೆ ಮುಟ್ಟಿ ಕೇಳಿಕೊಳ್ಳಬೇಕು.

ಬೆಳವಣಿಗೆ ಮತ್ತು ಬೆಂಕಿ

1914ರಲ್ಲಿ ಮೊದಲ ಮಹಾಯುದ್ಧ ಆರಂಭವಾಯಿತು. ಪರದೇಶದ ನೇಗಿಲು ಬರುವುದು ನಿಂತು ಇವರ ನೇಗಿಲಿಗೆ ಬೇಡಿಕೆ ಬಂತು. ಆದರೆ ಕಬ್ಬಿಣ, ಕಲ್ಲಿದ್ದಲು, ಬಣ್ಣ ಎಲ್ಲಕ್ಕೂ ಅಭಾವ. ಬಣ್ಣವನ್ನು ತಾವೇ ತಯಾರಿಸಿಕೊಂಡರು. ಕೊಲ್ಲಾಪುರ ಸಂಸ್ಥಾನದಲ್ಲಿ ಕೆಲಸವಿಲ್ಲದೆ ಬಿದ್ದಿದ್ದ ಹಳೆಯ ತೋಪುಗಳನ್ನು ಪಡೆದು ಕರಗಿಸಿ ನೇಗಿಲು ಎರಕ ಹೊಯ್ದರು. 1920ರಲ್ಲಿ ಕಿರ್ಲೋಸ್ಕರ ಬ್ರದರ್ಸ್ ಲಿಮಿಟೆಡ್ ಕಂಪನಿಯಾಗಿ ನೋಂದಣಿಯಾಯಿತು. ನೇಗಿಲಿನ ಜೊತೆಗೆ ಕಬ್ಬಿನ ಗಾಣ, ಶೇಂಗಾ ಒಡೆಯುವ ಯಂತ್ರ, ನೀರೆತ್ತುವ ಪಂಪುಗಳು ಬಂದವು. ಅದೇ ವರ್ಷ ಅಣ್ಣನ ಮಗ ಶಂಕರರಾವ್ ‘ಕಿರ್ಲೋಸ್ಕರ ಖಬರ್’ ಎಂಬ ಮರಾಠಿ ಪತ್ರಿಕೆ ಆರಂಭಿಸಿದರು. ಮುಂದೆ ಅದು ‘ಕಿರ್ಲೋಸ್ಕರ’ ಎಂಬ ಹೆಸರಿನಿಂದ ಮಹಾರಾಷ್ಟ್ರದ ಮನೆಮನೆಯ ಮಾಸಿಕವಾಯಿತು. ಮಗ ಶಂತನುರಾವ್ ಅಮೆರಿಕದಲ್ಲಿ ಎಂಜಿನಿಯರಿಂಗ್ ಓದಿ ಬಂದು 1926ರಲ್ಲಿ ಕಾರ್ಖಾನೆ ಸೇರಿದರು. 1941ರಲ್ಲಿ ನಮ್ಮ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ ಆರಂಭವಾಯಿತು. ಅದು ಈಗ ಮುಚ್ಚಿದೆಯಾದರೂ ಆ ಊರಿನ ಒಂದೆರಡು ತಲೆಮಾರಿಗೆ ಅನ್ನ ಹಾಕಿದೆ.

ಇಷ್ಟೆಲ್ಲ ಆದ ಮೇಲೆ ಅತ್ಯಂತ ಕಠಿಣ ದಿನ ಬಂತು. 1948ರ ಜನವರಿ 30ರಂದು ಮಹಾತ್ಮಾ ಗಾಂಧೀಜಿಯವರ ಹತ್ಯೆಯಾಯಿತು. ಹಂತಕನ ಜಾತಿಯವರೆಂಬ ಒಂದೇ ಕಾರಣಕ್ಕೆ ದಕ್ಷಿಣ ಮಹಾರಾಷ್ಟ್ರದಲ್ಲಿ ಬ್ರಾಹ್ಮಣರ ಮನೆ, ಅಂಗಡಿಗಳ ಮೇಲೆ ಗುಂಪುಗಳು ಏರಿಹೋದವು. ಕಿರ್ಲೋಸ್ಕರವಾಡಿಯ ಕಾರ್ಖಾನೆಗೂ ಬೆಂಕಿ ಬಿತ್ತು. ಲಕ್ಷ್ಮಣರಾವ್ ಅವರಿಗೆ ಆಗ ಎಪ್ಪತ್ತೆಂಟು ವರ್ಷ.

ಈ ಭಾಗವನ್ನು ಬಿಟ್ಟು ಬರೆದರೆ ಜೀವನಚರಿತ್ರೆ ಸುಂದರವಾಗಿ ಕಾಣಬಹುದು, ಆದರೆ ಸತ್ಯವಾಗುವುದಿಲ್ಲ. ಮನಸ್ಸನ್ನು ಅರಿತು ನಡೆದವರಿಗೆ ಎಂದೂ ಕೇಡಾಗುವುದಿಲ್ಲ ಎಂದು ನಾವು ಭಕ್ತರಿಗೆ ಹೇಳಲಾರೆವು. ಗುಂಪಿಗೆ ಹುಚ್ಚು ಹಿಡಿದಾಗ ಒಳ್ಳೆಯವರ ಮನೆಯೂ ಸುಡುತ್ತದೆ. ಪ್ರಶ್ನೆ ಇರುವುದು ಸುಟ್ಟ ಮರುದಿನ ಏನು ಮಾಡುತ್ತಾರೆ ಎಂಬುದರಲ್ಲಿ. ಆ ನೆಲಕ್ಕೆ ಶಾಪ ಹಾಕಿ ಎದ್ದು ಹೋಗಬಹುದಾಗಿತ್ತು. ಹಾಗಾಗಲಿಲ್ಲ. ಕಾರ್ಖಾನೆಯನ್ನು ಅಲ್ಲಿಯೇ ಮತ್ತೆ ಕಟ್ಟಿದರು. ಇಂದಿಗೂ ಕಿರ್ಲೋಸ್ಕರವಾಡಿಯಲ್ಲಿ ಪಂಪುಗಳು ತಯಾರಾಗುತ್ತಿವೆ, ಸುತ್ತಲಿನ ಹಳ್ಳಿಗಳ ಜನ ಅಲ್ಲಿ ದುಡಿಯುತ್ತಿದ್ದಾರೆ.

1956ರ ಸೆಪ್ಟೆಂಬರ್ 26ರಂದು ಲಕ್ಷ್ಮಣರಾವ್ ತೀರಿಕೊಂಡರು. ಅವರು ಹುಟ್ಟಿ ನೂರು ವರ್ಷವಾದಾಗ, 1969ರ ಜೂನ್ 20ರಂದು, ಭಾರತ ಸರಕಾರ ಅವರ ಅಂಚೆಚೀಟಿ ಹೊರಡಿಸಿತು.

ನಮ್ಮ ಅಂಗಡಿ, ನಮ್ಮ ಹೊಲ

ಇದೆಲ್ಲ ದೊಡ್ಡವರ ದೊಡ್ಡ ಕತೆ, ನಮಗೇನು ಎಂದು ಯಾರೂ ಅನ್ನಬಾರದು. ಇಂದು ನಮ್ಮ ಗಡಿಭಾಗದಲ್ಲಿ ದ್ರಾಕ್ಷಿ ತೋಟಕ್ಕೆ ಆಳು ಸಿಗುವುದಿಲ್ಲ, ಅಂಗಡಿಗೆ ಹುಡುಗರು ನಿಲ್ಲುವುದಿಲ್ಲ, ಎಲ್ಲರೂ ಪುಣೆ, ಬೆಂಗಳೂರು, ಹೈದರಾಬಾದಿನ ದಾರಿ ಹಿಡಿಯುತ್ತಾರೆ. ಪಗಾರ ಕಡಿಮೆ ಎಂಬುದು ಒಂದು ಕಾರಣ ನಿಜ. ಆದರೆ ನಾಲ್ಕು ಜನರ ಎದುರು ಮಾನ ಹೋಗುತ್ತದೆ ಎಂಬುದೂ ಕಾರಣವೇ. ಪಗಾರ ಕಡಿಮೆಯಾದರೆ ಮನುಷ್ಯ ಕೇಳುತ್ತಾನೆ. ಮಾನ ಹೋದರೆ ಕೇಳದೆ ಎದ್ದು ಹೋಗುತ್ತಾನೆ.

ಕಡೆಗೆ ಆ ದಿವಾಣಜಿಯ ಸಂಗತಿ. ಸಾಹುಕಾರರಿಗೆ ನಾವು ಹೇಳಿದ್ದು ಇಷ್ಟೇ: ಬೈದದ್ದು ಎಲ್ಲರ ಎದುರಿನಲ್ಲಿ, ಆದ್ದರಿಂದ ತಪ್ಪೊಪ್ಪಿಕೊಳ್ಳುವುದೂ ಎಲ್ಲರ ಎದುರಿನಲ್ಲೇ ಆಗಬೇಕು, ಸಂಬಳದ ಮಾತು ಆಮೇಲೆ. ಸಾಹುಕಾರರು ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ಅದು ಸುಲಭದ ಕೆಲಸವಲ್ಲ. ಮುಂದಿನ ಸಂತೆಯ ದಿನ ಅವರು ದಿವಾಣಜಿಯ ಮನೆಗೆ ಹೋಗಿ, ಅವರನ್ನು ಕರೆತಂದು, ಹಮಾಲರು, ರೈತರು ನಿಂತಿರುವಾಗ ಚೀಲಗಳ ಲೆಕ್ಕದಲ್ಲಿ ತಪ್ಪಿದ್ದು ತಾನೇ ಎಂದು ಹೇಳಿದರು. ದಿವಾಣಜಿ ಗಾದಿಯ ಮೇಲೆ ಕುಳಿತು ಕೀರ್ದಿ ತೆರೆದರು. ಮೊದಲಿನ ಸಲಿಗೆ ಪೂರ್ತಿ ಮರಳಿಲ್ಲವೆಂದು ಸಾಹುಕಾರರೇ ಹೇಳುತ್ತಾರೆ. ಮರಳಲು ಇನ್ನಷ್ಟು ದಿನ ಬೇಕು.

ಮಿರಜಿನಿಂದ ಪುಣೆಗೆ ರೈಲಿನಲ್ಲಿ ಹೋಗುವ ಭಕ್ತರು ದಾರಿಯಲ್ಲಿ ಕಿರ್ಲೋಸ್ಕರವಾಡಿ ನಿಲ್ದಾಣ ಬಂದಾಗ ಮಕ್ಕಳಿಗೆ ತೋರಿಸಿರಿ. ಇಲ್ಲಿ ಒಂದು ಕಾಲಕ್ಕೆ ಗಳ್ಳಿ, ಹಾವು ಇದ್ದವು, ಜನರ ಮನಸ್ಸನ್ನು ಅರಿತ ಒಬ್ಬರು ಬಂದು ಊರು ಕಟ್ಟಿದರು ಎಂದು ಹೇಳಿರಿ. ನಮ್ಮ ನಮ್ಮ ಕೆಲಸದ ಜಾಗದಲ್ಲಿಯೂ ಆ ಅರಿವು ಬೆಳೆಯಲಿ ಎಂದು ಹಾರೈಸುತ್ತೇವೆ.

ಶರಣು ಶರಣಾರ್ಥಿ.

ಕಾರ್ಯದರ್ಶಿ, ಶ್ರೀಮಠ